ಗಾಳಿ ನಮ್ಮ ಹೊಲದ ಮೇಲೆ, ಮಳೆ ಘಟ್ಟದ ಮೇಲೆ

ಹೋದ ಆಷಾಢದಾಗ ಕರಾವಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬೋನಾಳ ಕೆರೆ ನೋಡಲು ಬಂದಿದ್ದರು. ಏರಿ ಮೇಲೆ ನಿಂತು ಮಾತಾಡುತ್ತಿದ್ದೆವು. ಹೆಗಲ ಮೇಲಿನ ಟವಲು ನಿಲ್ಲದಷ್ಟು ಗಾಳಿ. ತಲೆ ಮೇಲೆ ಮೋಡ ಕುರಿಹಿಂಡಿನ ಹಾಗೆ ಪಡುವಣದಿಂದ ಮೂಡಣಕ್ಕೆ ಓಡುತ್ತಿತ್ತು. ಅವರು ಮೇಲೆ ನೋಡಿದರು, ಕೆಳಗೆ ಬಿರುಕು ಬಿಟ್ಟ ಎರಿ ಹೊಲ ನೋಡಿದರು. "ಅಲ್ಲ ಮಾರಾಯರೆ, ಇಷ್ಟು ಮೋಡ ಉಂಟು, ಗಾಳಿ ಉಂಟು, ಮಳೆ ಮಾತ್ರ ಇಲ್ಲ. ನೀವು ಮರ ಕಡಿದದ್ದು ಜಾಸ್ತಿ ಆಯಿತೋ ಏನೋ?" ಅಂದರು.

"ಹಂಗೇನಿಲ್ರಿ" ಅಂದೆ. ಮುಂದೆ ಸರಿಯಾಗಿ ಹೇಳಲು ಬರಲಿಲ್ಲ. ಚಹಾ ಕುಡಿಸಿ ಕಳಿಸಿದೆ. ಆದರೆ ಆ ಮಾತು ಮನಸ್ಸಿನಾಗ ಉಳಿಯಿತು. ಅವರಿಗೆ ಅಂದು ಹೇಳದೆ ಉಳಿದದ್ದನ್ನ ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಇಯತ್ತೆ. ಮಗನ ಹೈಸ್ಕೂಲು ಭೂಗೋಳ ಪುಸ್ತಕ, ರೇಡಿಯೋ, ಮತ್ತ ಒಂದು ಬಸ್ ಪ್ರಯಾಣ, ಇವು ಮೂರೇ ನನ್ನ ಗುರುಗಳು. ಬಸ್ಸಿನ ಕಥೆ ಮೊದಲು ಹೇಳುತ್ತೇನೆ.

ಹತ್ತೊಂಬತ್ತನೇ ವಯಸ್ಸಿನಾಗ ಊರವರ ಜೊತೆ ಮಂಗಳೂರು ಕಡೆಗೆ ಗಾರೆ ಕೆಲಸಕ್ಕೆ ಹೋಗಿದ್ದೆ. ನಮ್ಮ ಕಡೆಯಿಂದ ಹಾಗೆ ಹೋಗುವವರು ಆಗಲೂ ಬಹಳ, ಈಗಲೂ ಬಹಳ. ನಾಗರ ಪಂಚಮಿಗೆ ಊರಿಗೆ ಹೊರಟೆವು. ಉಡುಪಿ ಬಿಟ್ಟಾಗ ಮಳೆ, ಹೆಬ್ರಿಯಲ್ಲಿ ಮಳೆ. ಸೋಮೇಶ್ವರದಿಂದ ಆಗುಂಬೆ ಘಾಟಿಯನ್ನ ಸಣ್ಣ ಬಸ್ಸು ಹತ್ತಿತು. ಒಂದೊಂದು ತಿರುವಿಗೂ ಮಳೆ ಜೋರಾಯಿತು, ಮೈ ತಣ್ಣಗಾಯಿತು. ಮೇಲೆ ಆಗುಂಬೆಯೊಳಗ ಹತ್ತು ಮಾರು ದೂರದ ಚಹಾದಂಗಡಿ ಕಾಣಲಿಲ್ಲ. ತೀರ್ಥಹಳ್ಳಿಗೆ ಬಂದಾಗ ಕೊಡೆ ಹಿಡಿಯುವಷ್ಟು ಮಳೆ. ಶಿವಮೊಗ್ಗದಲ್ಲಿ ಜಿಟಿಜಿಟಿ. ದಾವಣಗೆರೆಯಲ್ಲಿ ಬರೀ ಮೋಡ. ಹೊಸಪೇಟೆಗೆ ಬರುವುದರೊಳಗ ಮೈಮೇಲಿನ ಅಂಗಿ ತಾನೇ ಒಣಗಿತ್ತು. ಲಿಂಗಸುಗೂರು ದಾಟಿದ ಮೇಲೆ ಕಿಟಕಿಯಿಂದ ಕೆಂಪು ಧೂಳು ಒಳಗೆ ಬಂತು. ಮನೆ ಮುಟ್ಟಿದಾಗ ಅವ್ವ ಕೇಳಿದಳು, "ಆ ಕಡಿ ಮಳಿ ಹ್ಯಾಂಗ ಅದಪಾ?" ಚೀಲದೊಳಗಿನ ಹಸಿ ಚಾದರ ತೆಗೆದು ತೋರಿಸಿದೆ. "ಒಂದೀಟು ಇಲ್ಲಿಗಿ ತರಬಾರದಿತ್ತೇನೋ" ಅಂದಳು.

ದಾರಿಯುದ್ದಕ್ಕೂ ಗಾಳಿ ಒಂದೇ ಕಡೆಯಿಂದ ಬೀಸುತ್ತಿತ್ತು. ಆಗುಂಬೆಯಲ್ಲಿ ಮರ ತೂಗಿಸಿದ ಗಾಳಿಯ ಬಳಗವೇ ಬೋನಾಳದಾಗ ನನ್ನ ಟವಲು ಹಾರಿಸುತ್ತದೆ. ಗಾಳಿ ಒಂದೇ ಆದರೆ ಮಳೆ ಎಲ್ಲಿ ಹೋಯಿತು? ಪಾಠ ಇರುವುದು ಇಲ್ಲಿಯೇ.

ಸೈಕಲ್ ಟ್ಯೂಬಿನ ಗಾಳಿ ಬಿಟ್ಟು ನೋಡಿದ್ದೀರಾ? ವಾಲ್ವಿನ ಮುಂದೆ ಬೆರಳಿಟ್ಟರೆ ತಣ್ಣಗೆ ಹತ್ತುತ್ತದೆ. ಅದೇ ಪಂಪಿನಿಂದ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಒತ್ತಡ ಬಿಟ್ಟ ಗಾಳಿ ಹಿಗ್ಗಿ ತಣ್ಣಗಾಗುತ್ತದೆ. ಸಮುದ್ರದ ಮಟ್ಟದಾಗ ಗಾಳಿಯ ಮೇಲೆ ಗಾಳಿಯದೇ ಭಾರ ಬಹಳ. ಗುಡ್ಡ ಹತ್ತಿದಂತೆ ಆ ಭಾರ ಕಡಿಮೆ. ಹತ್ತುವ ಗಾಳಿ ಹಿಗ್ಗುತ್ತದೆ, ಹಿಗ್ಗಿ ತಣ್ಣಗಾಗುತ್ತದೆ. ತಣ್ಣನ ಗಾಳಿಗೆ ಬಿಸಿಗಾಳಿಯಷ್ಟು ನೀರಾವಿ ಹಿಡಿದುಕೊಳ್ಳಲು ಆಗುವುದಿಲ್ಲ. ಹಿಡಿಯಲಾರದ್ದು ಹನಿಯಾಗುತ್ತದೆ, ಮೋಡವಾಗುತ್ತದೆ, ಸುರಿಯುತ್ತದೆ. ತಣ್ಣೀರಿನ ತಂಬಿಗೆಯ ಹೊರಮೈ ಬೆವರುವುದೂ ಇದೇ ಕಾರಣಕ್ಕೆ.

ಒರಟು ಲೆಕ್ಕ ಮಾಡಿ ನೋಡೋಣ. ನೀರಾವಿ ಇನ್ನೂ ಹನಿಯಾಗದ ಗಾಳಿ 100 ಮೀಟರ್ ಏರಿದರೆ ಸುಮಾರು 1 ಡಿಗ್ರಿ ತಣ್ಣಗಾಗುತ್ತದೆ. ಮೋಡ ಕಟ್ಟಲು ಸುರುವಾದ ಮೇಲೆ ಅರ್ಧ ಡಿಗ್ರಿ ಆಸುಪಾಸು ಅಷ್ಟೇ. ಯಾಕಂದರೆ ಆವಿ ನೀರಾಗುವಾಗ ಒಳಗಿನ ಕಾವು ಬಿಟ್ಟುಕೊಡುತ್ತದೆ. ಕಡಲ ದಂಡೆಯಲ್ಲಿ 28 ಡಿಗ್ರಿ ಇದ್ದ ಗಾಳಿ 400 ಮೀಟರ್ ಏರಿದಾಗ 24 ಆಯಿತು, ಅಲ್ಲಿ ಮೋಡ ಕಟ್ಟಿತು ಅನ್ನಿ. ಅಲ್ಲಿಂದ ಮಳೆ ಸುರಿಸುತ್ತ 1000 ಮೀಟರಿನ ಘಟ್ಟದ ತಲೆ ಮುಟ್ಟಿದಾಗ 21. ಈಗ ಆಚೆ ಇಳಿಯಬೇಕು. ನೀರು ಖಾಲಿ, ಆದ್ದರಿಂದ ಇಳಿಯುವಾಗ 100 ಮೀಟರಿಗೆ ಪೂರ್ತಿ 1 ಡಿಗ್ರಿ ಕಾಯುತ್ತದೆ. ಸುರಪುರ ಸೀಮೆ ಸಮುದ್ರಮಟ್ಟದಿಂದ 400 ಮೀಟರ್ ಆಸುಪಾಸು ಎತ್ತರದಲ್ಲಿದೆ. ಅಲ್ಲಿಗೆ ಇಳಿದಾಗ ಗಾಳಿ 27. ಅದೇ 400 ಮೀಟರಿನಲ್ಲಿ ಹತ್ತುವಾಗ 24, ಇಳಿದಾಗ 27. ನೀರು ಕಳೆದುಕೊಂಡು ಕಾವು ಗಳಿಸಿದ ಗಾಳಿ. ಇದರ ಮೇಲೆ ನಮ್ಮ ನೆಲದ ಬಿಸಿಲು ಬೇರೆ. ಇಂಥ ಗಾಳಿಗೆ ಬಾಯಾರಿರುತ್ತದೆ, ಕೊಡುವುದಕ್ಕಿಂತ ಕುಡಿಯುವುದೇ ಹೆಚ್ಚು. ಹಗ್ಗದ ಮೇಲಿನ ಅಂಗಿ ತಾಸಿನೊಳಗ ಒಣಗುತ್ತದೆ, ಹೊಲದ ಮೇಲ್ಮಣ್ಣೂ ಹಾಗೇ.

ಮೋಡ ಇದ್ದೇ ಇರುತ್ತದಲ್ಲ ಅನ್ನಬಹುದು. ಇರುತ್ತದೆ, ಆದರೆ ತೆಳು. ಘಟ್ಟದ ಹಾಗೆ ಮೇಲಕ್ಕೆ ತಳ್ಳುವ ಗೋಡೆ ಬಯಲುಸೀಮೆಯೊಳಗ ಇಲ್ಲ. ತಳ್ಳುವವರು ಇಲ್ಲದಿದ್ದರೆ ಮೋಡ ದಪ್ಪಗಾಗುವುದಿಲ್ಲ, ದಪ್ಪಗಾಗದ ಮೋಡ ಹನಿ ಉದುರಿಸಿ ಮುಂದೆ ಹೋಗುತ್ತದೆ.

ನಮ್ಮೂರಿನಿಂದ ನೇರ ಪಡುವಣಕ್ಕೆ ಗೆರೆ ಎಳೆದರೆ ಲೆಕ್ಕ ಇನ್ನೂ ಸ್ಪಷ್ಟ. ಮಹಾರಾಷ್ಟ್ರದ ಘಟ್ಟದ ಅಂಚಿನ ಅಂಬೋಲಿಯಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ. ಬೆಳಗಾವಿಗೆ ಬಂದರೆ 1300ರ ಹತ್ತಿರ. ಗೋಕಾಕದಲ್ಲಿ 550ರ ಹತ್ತಿರ. ಅಂಬೋಲಿಯಿಂದ ಗೋಕಾಕಕ್ಕೆ ಒಂದು ಹಗಲಿನ ದಾರಿಯೂ ಅಲ್ಲ. ಮಹಾಬಳೇಶ್ವರದಲ್ಲಿ 5500 ಮಿ.ಮೀ. ದಾಟುವ ಮಳೆ, ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಒಳಗಿನ ಪಂಚಗಣಿಯಲ್ಲಿ ಅದರ ಮೂರನೇ ಒಂದು ಪಾಲು. ಮರ ಕಡಿದದ್ದು ಜಾಸ್ತಿ ಆಯಿತೇ ಎಂದ ಅತಿಥಿಗೆ ಉತ್ತರ ಇದೇ. ಮರ ಬೇಕು. ಬಿದ್ದ ನೀರು ಹಿಡಿಯಲು, ಮಣ್ಣು ಉಳಿಸಲು, ಗಾಳಿ ತಡೆಯಲು ಬೇಕೇ ಬೇಕು. ಆದರೆ ಈ ಮಳೆನೆರಳು ನಮ್ಮ ಕೊಡಲಿಗಿಂತ ಹಳೆಯದು. ಘಟ್ಟ ಹುಟ್ಟಿದಾಗಿನಿಂದ ಇದೆ.

ಇನ್ನು ಈ ಗಾಳಿ ಎಲ್ಲಿಂದ ಬರುತ್ತದೆ ಅನ್ನುವುದು. ಪುಸ್ತಕದಾಗ "ವಾಣಿಜ್ಯ ಮಾರುತ" ಅಂತ ಓದಿದ್ದು ನಿಮಗೂ ನೆನಪಿರಬಹುದು. ಭೂಮಧ್ಯ ರೇಖೆಯ ಎರಡೂ ಕಡೆಯಿಂದ ಅದರ ಕಡೆಗೇ ಬೀಸುವ ಗಾಳಿಗಳು ಅವು. ಹಿಂದಿನ ಹಾಯಿಹಡಗಿನವರು ಅವನ್ನ ನಂಬಿಯೇ ಸಮುದ್ರ ದಾಟುತ್ತಿದ್ದರು. ಹಿಂದೂ ಮಹಾಸಾಗರದ ದಕ್ಷಿಣದಾಗ ಅವು ಆಗ್ನೇಯ ದಿಕ್ಕಿನಿಂದ ಬೀಸುತ್ತವೆ. ನಮ್ಮ ಬೇಸಿಗೆಯೊಳಗ ಉತ್ತರದ ನೆಲ ಕಾದಾಗ ಆ ಗಾಳಿ ಭೂಮಧ್ಯ ರೇಖೆ ದಾಟಿ ಈ ಕಡೆ ಬರುತ್ತದೆ. ಭೂಮಿ ತಿರುಗುವ ಕಾರಣಕ್ಕೆ ಬಲಕ್ಕೆ ಹೊರಳುತ್ತದೆ. ಆಗ್ನೇಯದ್ದು ನೈಋತ್ಯದ್ದಾಗುತ್ತದೆ. ಅದೇ ನಮ್ಮ ಮುಂಗಾರು. ಅಂದರೆ ಬೋನಾಳದ ಆಷಾಢ ಗಾಳಿ ಸಾವಿರಾರು ಮೈಲು ನೀರಿನ ಮೇಲಿಂದ ಬಂದ ಗಾಳಿ, ಘಟ್ಟದ ತನಕ ತುಂಬಿದ ಕೊಡವೇ.

ಆ ಆಗ್ನೇಯ ಗಾಳಿಯ ದಾರಿಯಲ್ಲಿ ರಿಯೂನಿಯನ್ ಅಂತ ಒಂದು ದ್ವೀಪ ಇದೆ. ಈ ತುದಿಯಿಂದ ಆ ತುದಿಗೆ ಹೆಚ್ಚೆಂದರೆ 70 ಕಿಲೋಮೀಟರ್. ನಡುವೆ 3000 ಮೀಟರ್ ದಾಟಿದ ಬೆಟ್ಟ. ಗಾಳಿಗೆ ಎದೆಕೊಟ್ಟ ಪೂರ್ವದ ಇಳಿಜಾರಿನ ಕೆಲವು ಕಡೆ ವರ್ಷಕ್ಕೆ 10,000 ಮಿ.ಮೀ. ಮೀರಿ ಮಳೆ. ಬೆಟ್ಟದ ಬೆನ್ನಿಗಿರುವ ಪಶ್ಚಿಮ ದಂಡೆಯ ಕೆಲವು ಕಡೆ ಗೋಕಾಕದಷ್ಟೂ ಇಲ್ಲ. ಅಲ್ಲಿಯವರು ಬೆಟ್ಟದೊಳಗ ಸುರಂಗ ಕೊರೆದು ಪೂರ್ವದ ನೀರನ್ನ ಪಶ್ಚಿಮದ ಹೊಲಗಳಿಗೆ ತಂದಿದ್ದಾರೆ. ಹೊಟ್ಟೆಕಿಚ್ಚು ಪಡುವಂಥ ಕೆಲಸ.

ಹಾಗಂತ ಎತ್ತರ ಹೆಚ್ಚಾದಷ್ಟೂ ಮಳೆ ಹೆಚ್ಚು ಅಂತ ತಿಳಿಯಬಾರದು. ಹವಾಯಿ ದ್ವೀಪದಾಗ 4200 ಮೀಟರ್ ಎತ್ತರದ ಮೌನಾ ಕೆಯಾ ಬೆಟ್ಟದ ತಲೆ ಒಣ. ವಾಣಿಜ್ಯ ಮಾರುತದ ಮೋಡಕ್ಕೆ ಅಲ್ಲಿ 2000 ಮೀಟರಿನಿಂದ ಸ್ವಲ್ಪ ಮೇಲೆಯೇ ಮುಚ್ಚಳ ಹಾಕಿದಂತೆ ಬಿಸಿಗಾಳಿಯ ಪದರ ಕೂತಿರುತ್ತದೆ. ಮೋಡ ಅದನ್ನ ದಾಟುವುದು ಅಪರೂಪ. ಮೇಲೆ ಆಕಾಶ ನಿಚ್ಚಳ, ಅದಕ್ಕೇ ನಕ್ಷತ್ರ ನೋಡುವ ದೊಡ್ಡ ದೂರದರ್ಶಕಗಳನ್ನ ಅಲ್ಲಿ ಕೂಡಿಸಿದ್ದಾರೆ.

ನಮಗೆ ಹೆಚ್ಚು ಹತ್ತಿರದ ಪಾಠ ಶ್ರೀಲಂಕಾದ್ದು. ಆ ದ್ವೀಪದ ನಡುವೆ ಬೆಟ್ಟ, ಅತಿ ಎತ್ತರದ್ದು 2524 ಮೀಟರಿನ ಪಿದುರುತಲಗಲ. ಕೊಲಂಬೊದಲ್ಲಿ ಬೆವರು ಸುರಿಯುವಾಗ 1868 ಮೀಟರ್ ಎತ್ತರದ ನುವರ ಎಲಿಯದಲ್ಲಿ ಸ್ವೆಟರ್ ಹಾಕಿಕೊಂಡು ಆಲೂಗಡ್ಡೆ, ಗಜ್ಜರಿ ಬೆಳೆಯುತ್ತಾರೆ. ಎತ್ತರದ ಈ ಗುಣ ನಮ್ಮ ರಾಜ್ಯದೊಳಗೂ ಇದೆ. ಚಿಕ್ಕಮಗಳೂರಿನ ಕಾಫಿ ರಾಯಚೂರಿನಲ್ಲಿ ಬಾರದು. ಶ್ರೀಲಂಕಾದ ನೈಋತ್ಯ ಭಾಗದಾಗ ವರ್ಷಕ್ಕೆ 2500 ಮಿ.ಮೀ. ಮೀರಿ ಮಳೆ, ಅದರಲ್ಲಿ ದೊಡ್ಡ ಪಾಲು ನಮ್ಮ ಮುಂಗಾರು ಗಾಳಿಯೇ ತರುತ್ತದೆ. ಅದೇ ತಿಂಗಳು ಬೆಟ್ಟದ ಆಚೆ ಪೂರ್ವ ಭಾಗಕ್ಕೆ ಇಳಿದ ಗಾಳಿ ಬಿಸಿ, ಒಣ. ಅದಕ್ಕೆ ಅಲ್ಲಿ "ಕಚ್ಚಾನ್" ಅಂತ ಹೆಸರು. ಅಂಥ ಒಣಗಾಳಿಯ ಕಾಲಕ್ಕೇ ಊವಾ ಸೀಮೆಯ ಚಹಾ ಎಲೆಗೆ ಒಳ್ಳೆ ಪರಿಮಳ ಬರುತ್ತದಂತೆ. ನಮ್ಮ ಆಷಾಢ ಗಾಳಿಯಿಂದ ಯಾವ ಬೆಳೆಗೆ ಪರಿಮಳ ಬಂತೋ ನಾನಂತೂ ಕಂಡಿಲ್ಲ.

ಶ್ರೀಲಂಕಾದ ಒಣಭಾಗದವರು ಏನು ಮಾಡಿದರು ಅನ್ನುವುದನ್ನ ರೈತರು ತಿಳಿಯಬೇಕು. ಅವರ ದೊಡ್ಡ ಹಂಗಾಮು "ಮಹಾ" ಸುರುವಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಈಶಾನ್ಯದ ಮಳೆ ನಂಬಿಕೊಂಡು. ಆ ಮಳೆ ಹಿಡಿಯಲು ಅನುರಾಧಪುರದ ಕಡೆ ಎರಡು ಸಾವಿರ ವರ್ಷದ ಹಿಂದಿನಿಂದಲೂ ಕೆರೆ ಕಟ್ಟುತ್ತ ಬಂದರು. ಒಂದರ ಕೋಡಿ ಇನ್ನೊಂದಕ್ಕೆ ತುಂಬುವಂಥ ಕೆರೆಗಳ ಸಾಲು.

ನಮ್ಮ ಕಥೆಯೂ ಇದೇ. ನಮಗೆ ಎರಡು ಸಮುದ್ರ. ಪಡುವಣದ ಸಮುದ್ರದ ಮಳೆಯಲ್ಲಿ ದೊಡ್ಡ ಪಾಲು ಘಟ್ಟಕ್ಕೆ ಹೋಗುತ್ತದೆ. ಜೂನ್, ಜುಲೈಯಲ್ಲಿ ನಮಗೆ ಮಳೆ ಇಲ್ಲವೇ ಇಲ್ಲ ಅಂತಲ್ಲ. ಬರುತ್ತದೆ, ಹೋಗುತ್ತದೆ, ನಡುವೆ ಮೂರು ಮೂರು ವಾರ ಬರೀ ಗಾಳಿ. ನಮ್ಮ ಸೀಮೆಯೊಳಗ ಸಾಮಾನ್ಯವಾಗಿ ಹೆಚ್ಚು ಮಳೆಯ ತಿಂಗಳು ಸೆಪ್ಟೆಂಬರ್. ಆಗ ಪಡುವಣ ಗಾಳಿಯ ಜೋರು ಇಳಿಯುತ್ತದೆ. ಹುಬ್ಬಿ ಮುಗಿದು ಉತ್ತರಿ ಕೂಡುವ ಹೊತ್ತಿಗೆ ಎಲೆ ಅಲುಗದ ಧಗೆ. ಮಧ್ಯಾಹ್ನದ ಮೇಲೆ ಮೋಡ ಮೇಲಕ್ಕೆ ಬೆಳೆಯುತ್ತದೆ, ಮೂಡಣದಿಂದ ಗುಡುಗಿ ಸುರಿಯುತ್ತದೆ. "ಗಾಳಿ ನಿಂತರ ಮಳಿ" ಅಂತ ನಮ್ಮಪ್ಪ ಹೇಳುತ್ತಿದ್ದ. ಅವನಿಗೆ ಬಂಗಾಳ ಕೊಲ್ಲಿಯ ಹೆಸರು ಗೊತ್ತಿರಲಿಲ್ಲ. ಆದರೆ ಆ ಕಡೆ ವಾಯುಭಾರ ಕುಸಿದು ಸುಳಿ ಎದ್ದರೆ ಅದು ಆಂಧ್ರ, ತೆಲಂಗಾಣ ದಾಟಿ ನಮ್ಮ ಮೇಲೆ ಬರುತ್ತದೆ. ಅದಕ್ಕೆ ಸಹ್ಯಾದ್ರಿಯಂಥ ಅಡ್ಡಗೋಡೆ ದಾರಿಯಲ್ಲಿಲ್ಲ, ಪೂರ್ವದ ಬೆಟ್ಟಗಳು ಅಲ್ಲಲ್ಲಿ ತುಂಡು ತುಂಡು. ಗೋಕಾಕದಿಂದ ಮೂಡಣಕ್ಕೆ ಕಲಬುರಗಿ ಕಡೆ ಹೋದಂತೆ ಮಳೆ ಮತ್ತ ಸ್ವಲ್ಪ ಹೆಚ್ಚುವುದು ಈ ಸಮುದ್ರದ ಉಪಕಾರ.

ಉಪಕಾರ ಅಂದೆ, ಒಮ್ಮೊಮ್ಮೆ ಅಪಕಾರವೂ ಹೌದು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕವನ್ನ ಮುಳುಗಿಸಿದ ಮಳೆ ಈ ಕಡೆಯಿಂದಲೇ ಬಂತು. 2020ರ ಅಕ್ಟೋಬರ್ 13ರಂದು ಕಾಕಿನಾಡ ಹತ್ತಿರ ದಂಡೆ ಹತ್ತಿದ ಸುಳಿ ನಮ್ಮ ಮೇಲೆ ಹಾಯ್ದು ಹೋಯಿತು. ಕಲಬುರಗಿ, ಯಾದಗಿರಿ ಜಿಲ್ಲೆಯೊಳಗ ಭೀಮೆ ಉಕ್ಕಿದಳು, ತೊಗರಿ ನಿಂತಲ್ಲೇ ಕೊಳೆಯಿತು.

ಕೃಷ್ಣೆಯದು ಬೇರೆ ಚೋದ್ಯ. 2019ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಘಟ್ಟದಾಗ ಬಿದ್ದ ಮಳೆ ಹೊಳೆಯಾಗಿ ಬಂದು, ನಾರಾಯಣಪುರದ ಬಸವಸಾಗರದಿಂದ ಲಕ್ಷಗಟ್ಟಲೆ ಕ್ಯೂಸೆಕ್ಸ್ ಬಿಟ್ಟರು. ನಮ್ಮ ಸುರಪುರ ತಾಲ್ಲೂಕಿನ ಹೊಳೆಯೊಳಗ ನೀಲಕಂಠರಾಯನ ಗಡ್ಡಿ ಅಂತ ಒಂದು ನಡುಗಡ್ಡೆ ಇದೆ. ಹೊಳೆ ಬಂದರೆ ಅಲ್ಲಿಯ ಜನ ಸುತ್ತ ನೀರಿನ ನಡುವೆ ಸಿಕ್ಕಿಕೊಳ್ಳುತ್ತಿದ್ದರು, ಕುಂಬಳಬುರುಡೆ ಕಟ್ಟಿಕೊಂಡು ಈಜಿ ದಾಟಿದವರಿದ್ದಾರೆ. ಒಂದು ಕಡೆ ನೆರೆ ನೀರು, ಅದೇ ವಾರ ದಂಡೆಯಿಂದ ದೂರದ ಒಣ ಹೊಲದಾಗ ಕುಂಟಿ ಹೊಡೆದರೆ ಧೂಳು. ಗಾಳಿ ನಮಗೆ ಕೊಡದೆ ಘಟ್ಟಕ್ಕೆ ಕೊಟ್ಟ ನೀರನ್ನ ಘಟ್ಟ ಹೊಳೆಗೆ ಕೊಡುತ್ತದೆ, ಹೊಳೆ ನಮ್ಮ ಬಾಜೂಕಿನಿಂದ ಹೋಗುತ್ತದೆ. ಎಡದಂಡೆ ಕಾಲುವೆ ಬಂದ ಮೇಲೆ ತಗ್ಗಿನ ಹೊಲದವರು ಭತ್ತ ಬೆಳೆದರು. ನನ್ನ ನಾಲ್ಕು ಎಕರೆ ದಿಬ್ಬದ ಮೇಲಿದೆ. ಹತ್ತಿಪ್ಪತ್ತು ಮಾರಿನ ಎತ್ತರ, ನೀರು ಏರುವುದಿಲ್ಲ. ಎತ್ತರದ ಪಾಠ ನನಗೆ ಘಟ್ಟವೊಂದೇ ಕಲಿಸಿದ್ದಲ್ಲ.

ಬೋನಾಳದ ಕೆರೆಯೂ ಮಳೆನೆರಳಿನ ಜನರ ಬುದ್ಧಿಯೇ. ಸುರಪುರದ ನಾಯಕ ಅರಸರ ಸೀಮೆಯ ಹಳೆಯ ಕೆರೆಗಳಲ್ಲಿ ಇದೊಂದು. 1840ರ ದಶಕದಲ್ಲಿ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಈ ಸೀಮೆಯ ಕೆರೆಗಳ ಕೆಲಸಕ್ಕೆ ಕೈ ಹಾಕಿದವರು. ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. ಅವು ಬರುವುದು ಮೂಡಣದ ಮಳೆ ಮುಗಿದು ಕೆರೆ ತುಂಬಿದ ಮೇಲೆ. ಆಷಾಢದಾಗ ಬಂದ ನಮ್ಮ ಅತಿಥಿಗೆ ಕಂಡದ್ದು ಅರ್ಧ ಕೆರೆ.

ಈಗ ನನ್ನ ನಷ್ಟದ ಲೆಕ್ಕ. ಮಗ ಹುಟ್ಟಿದ ವರ್ಷ ಆರಿದ್ರ ಮಳೆ ಚಲೋ ಬಂತು. ಮೇಲೆ ಮೋಡ ದಿನಾ ಓಡುತ್ತಿತ್ತು. ಇಷ್ಟು ಮೋಡ ಇದ್ದ ಮೇಲೆ ಮಳೆ ಬಂದೇ ಬರುತ್ತದೆ ಅಂತ ನಾಲ್ಕೂ ಎಕರೆ ಸೂರ್ಯಪಾನ ಬಿತ್ತಿದೆ. ಬೀಜ ಗೊಬ್ಬರಕ್ಕೆ ಹೆಂಡತಿಯ ಬೋರಮಾಳ ಒತ್ತೆ ಇಟ್ಟಿದ್ದೆ. ಮೊಳಕೆ ಎದ್ದ ಮೇಲೆ ಪುನರ್ವಸು ಪೂರ್ತಿ, ಪುಷ್ಯದ ಅರ್ಧ, ಬರೀ ಗಾಳಿ. ಎಲೆಯ ಅಂಚು ಸುಟ್ಟಂತೆ ಒಣಗಿತು. ಬೀಜ ಖೊಟ್ಟಿ ಅಂತ ಅಂಗಡಿಗೆ ಹೋಗಿ ಜಗಳಾಡಿ ಬಂದೆ. ಅವನ ತಪ್ಪಿರಲಿಲ್ಲ. ಮುಂದೆ ಉತ್ತರಿ, ಹಸ್ತ ಎರಡೂ ಸುರಿದವು. ಆದರೆ ನನ್ನ ಹೊಲದಾಗ ಮೊಣಕಾಲೆತ್ತರದ ಬಡಕಲು ಬೆಳೆ ನಿಂತಿತ್ತು. ಬದುವಿನ ಆಚೆಯ ಮುದುಕ ಮುಂಗಾರಿಗೆ ಹೊಲ ಖಾಲಿ ಬಿಟ್ಟು ಹರಗಿಕೊಂಡು ಕೂತಿದ್ದ. ಆತನ ಬಿಳಿಜೋಳ ಎದೆಮಟ ಬೆಳೆಯಿತು. ಆ ಬೋರಮಾಳ ಮನೆಗೆ ತಿರುಗಿ ಬರಲಿಲ್ಲ.

ಅಂದಿನಿಂದ ನಾಲ್ಕು ಎಕರೆಯಲ್ಲಿ ಎರಡನ್ನ ಮುಂಗಾರಿಗೆ ಬಿತ್ತುವುದಿಲ್ಲ. ಎರಿ ಭೂಮಿ ಆಳ ಇದ್ದರೆ ಅದೇ ಒಂದು ಕೆರೆ. ಜೂನ್, ಜುಲೈಯಲ್ಲಿ ಬಿದ್ದಷ್ಟು ಹನಿಯನ್ನ ಅಲ್ಲೇ ನಿಲ್ಲಿಸಲು ಚೌಕು ಮಡಿ ಹಾಕುತ್ತೇನೆ. ಹತ್ತು ಹದಿನೈದು ಅಡಿಗೆ ಒಂದರಂತೆ ಉದ್ದಕ್ಕೂ ಅಡ್ಡಕ್ಕೂ ಸಣ್ಣ ಬದು, ಚದುರಂಗದ ಮನೆಗಳ ಹಾಗೆ. ವಿಜಯಪುರದ ಒಣಬೇಸಾಯ ಸಂಶೋಧನೆಯವರೂ ಇದನ್ನೇ ಹೇಳುತ್ತ ಬಂದಿದ್ದಾರೆ. ಕಸ ಎದ್ದರೆ ಮಡಿ ಮುರಿದು ಹರಗಿ ಮತ್ತ ಕಟ್ಟಬೇಕು, ಬೇಸರದ ಕೆಲಸ, ಬಿಡುವಂತಿಲ್ಲ. ಹರಗಿದರೆ ಬಿರುಕು ಮುಚ್ಚುತ್ತದೆ, ಪಡುವಣ ಗಾಳಿ ಒಳಗಿನ ಹಸಿ ಕುಡಿಯುವುದಿಲ್ಲ. ಉತ್ತರಿ, ಹಸ್ತದಾಗ ಮಾಲದಂಡಿ ಜೋಳ, ಅಕ್ಕಡಿಗೆ ಕುಸುಬಿ. ಉಳಿದ ಎರಡು ಎಕರೆಗೆ ತೊಗರಿ. ಅದರ ಬೇರು ಆಳ, ಗಾಳಿಯ ವಾರಗಳನ್ನ ತಡೆದುಕೊಂಡು ಮೂಡಣದ ಮಳೆ ಮುಟ್ಟುತ್ತದೆ. ಹೊಲದ ಪಡುವಣ ಅಂಚಿಗೆ ನಾಲ್ಕು ಸಾಲು ಸಜ್ಜೆ ಒತ್ತಾಗಿ ಬಿತ್ತುತ್ತೇನೆ, ಗಾಳಿಗೆ ಅಡ್ಡ.

ಇದು ಎಲ್ಲ ವರ್ಷ ಗೆಲ್ಲುವ ಲೆಕ್ಕ ಅಲ್ಲ. 2023ರಲ್ಲಿ ಆಗಸ್ಟ್ ಒಣಗಿತು, ಅಕ್ಟೋಬರ್ ಕೂಡ ಕೈಕೊಟ್ಟಿತು, ಜೋಳ ಮೇವಿಗೆ ಆಯಿತು ಅಷ್ಟೇ. ಮಸಾರಿ ಹೊಲದವರು ನನ್ನನ್ನ ನೋಡಿ ಖಾಲಿ ಬಿಡಬೇಡಿ. ಆ ಮಣ್ಣು ನೀರು ಹಿಡಿದಿಟ್ಟುಕೊಳ್ಳುವುದಿಲ್ಲ, ಅಲ್ಲಿ ಮುಂಗಾರಿನ ಹೆಸರು, ಸಜ್ಜೆಯೇ ಸರಿ.

ಈ ಸಲ ಮಗನ ಜೊತೆ ವಾದ ನಡೆದಿದೆ. ಅವನಿಗೆ ಖಾಲಿ ಎರಡು ಎಕರೆಗೂ ಹತ್ತಿ ಹಾಕುವ ಆಸೆ. "ಅಪ್ಪಾ, ಮೋಬೈಲ್‌ನಾಗ ಮಳಿ ತೋರಿಸಾಕತ್ತದ" ಅಂದ. "ಗಾಳಿ ಯಾವ ಕಡಿದು ತೋರಿಸ್ತದ ನೋಡು" ಅಂದೆ. ನೋಡಿದ, ಪಡುವಣದ್ದು. ಮೋಬೈಲು ಕಿಸೆಗೆ ಹಾಕಿಕೊಂಡು ಮಡಿ ಕಟ್ಟಲು ಬಂದ. ಇದನ್ನ ಬರೆಯುವಾಗ ಮಘಿ ನಡೆದಿದೆ, ಹೊರಗೆ ಗಾಳಿ ಇನ್ನೂ ನಿಂತಿಲ್ಲ. ಕೂರಿಗೆ ಅಟ್ಟದ ಮೇಲಿದೆ.